ಜೋಕಿಂ ಪೊರ್ಬುಗಳ ತೂತು ಗೋಪುರ

ಗೋಡೆ ಕಂಡರೆ ಸಾಕು, ಜೋಕಿಂ ಪೊರ್ಬುಗಳು ಬೆರಳಿನ ಗಂಟಿನಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, ನಾಲಗೆಯಲ್ಲಿ 'ತ್ಚು' ಎಂದು ಸದ್ದು ಮಾಡುತ್ತಿದ್ದರು. ಡಾಕ್ಟರರು ಎದೆ ಬಡಿದು ನೋಡುವ ಹಾಗೆ. ಆದರೆ ಡಾಕ್ಟರರು ಅಪರೂಪಕ್ಕಾದರೂ ಒಬ್ಬ ರೋಗಿಗೆ 'ನಿನಗೇನೂ ಇಲ್ಲ, ಮನೆಗೆ ಹೋಗು' ಅನ್ನುತ್ತಾರೆ. ಪೊರ್ಬುಗಳ ಕೈಯಲ್ಲಿ ಪಾಸಾದ ಗೋಡೆಯೇ ಇರಲಿಲ್ಲ. ದಹ್ರಾನಿನ ವಿಮಾನ ನಿಲ್ದಾಣದ ಗೋಡೆ ಕುಟ್ಟಿದರು, ತ್ಚು. ದಮ್ಮಾಮಿನ ಬ್ಯಾಂಕಿನ ಹೊಳೆಯುವ ಕಲ್ಲು ಕುಟ್ಟಿದರು, ತ್ಚು. ಇಕಾಮಾ, ಅಂದರೆ ಅಲ್ಲಿ ವಾಸಕ್ಕೆ ಕೊಡುವ ಪರವಾನಗಿ, ನವೀಕರಿಸಲು ಹೋದ ಕಚೇರಿಯಲ್ಲಿ ಸಾಲಿನಲ್ಲಿ ನಿಂತೇ ಕುಟ್ಟಿದರು. ಕಾವಲಿನವ ಬಂದು ಅರಬಿಯಲ್ಲಿ ಗದರಿಸಿದಾಗ, "ಒಳಗೆ ಪೊಳ್ಳು ಉಂಟು, ನಿಮ್ಮ ಸಾಹೇಬರಿಗೆ ಹೇಳಿ" ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು. ಅವನಿಗೆ ಅರ್ಥವಾಗದಿದ್ದದ್ದು ನಮ್ಮೆಲ್ಲರ ಪುಣ್ಯ.

"ಇದು ಗೋಡೆಯಾ ಮಾರಾಯ? ಬಿಸ್ಕೂಟು. ಚಾಯಕ್ಕೆ ಅದ್ದಿ ತಿನ್ನುವಂಥದ್ದು."

ಈ ಮಾತನ್ನು ನಾನು ಅರಬರ ನಾಡಿನ ಖತೀಫಿಗೆ ಹೋದ ಮೊದಲ ವಾರವೇ ಕೇಳಿದೆ. ಅದೂ ನಾನೇ ಕಟ್ಟಿದ ಗೋಡೆಯ ಬಗ್ಗೆ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಸಮುದ್ರದ ದಂಡೆ, ಖರ್ಜೂರದ ತೋಟಗಳ ನಡುವೆ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿದ್ದವು. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನ, ಅಬು ಸಾಲೆಹ್ ಮನೆ ಕಟ್ಟಿಸುವ ಗುತ್ತಿಗೆದಾರ. ಅವರ ಬಳಿ ಗಾರೆ ಕೆಲಸಕ್ಕೆಂದು ನಾನು ಮಂಗಳೂರಿನಿಂದ ಬಂದಿದ್ದೆ. ಜೋಕಿಂ ಅಲ್ಲಿಯ ಮೇಸ್ತ್ರಿ. ನಮ್ಮ ಕಡೆ ಕ್ರಿಸ್ತುವರನ್ನು ಪೊರ್ಬು ಎನ್ನುವುದು, ನಮ್ಮಂಥ ಮುಸಲ್ಮಾನರನ್ನು ಬ್ಯಾರಿ ಎನ್ನುವುದು ಹಿಂದಿನಿಂದ ಬಂದದ್ದು. ಅದರಲ್ಲಿ ಬೈಗುಳವೂ ಇಲ್ಲ, ದೊಡ್ಡ ಮರ್ಯಾದೆಯೂ ಇಲ್ಲ. ನಾನು ಅವರನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದೆ. ಅವರು ಖುಷಿಯಲ್ಲಿದ್ದಾಗ ನನ್ನನ್ನು ಬ್ಯಾರಿ ಅನ್ನುತ್ತಿದ್ದರು. ಉಳಿದ ಹೊತ್ತಿನಲ್ಲಿ, ಅಂದರೆ ಯಾವಾಗಲೂ, ಗಿಡ್ಡ.

ನಾನು ಗಿಡ್ಡ ಎನ್ನುವುದು ನಿಜ. ಆದರೆ ಊರಲ್ಲಿ ನಾನು ಕಟ್ಟಿದ ಪಾಗಾರದ ಗೋಡೆಗಳು ಎಷ್ಟು ಮಳೆ ಕಂಡರೂ ನೆಟ್ಟಗೆ ನಿಂತಿದ್ದವು. ಹಾಗಾಗಿ ಆ ಮೊದಲ ಗೋಡೆಯನ್ನು ಕುಟ್ಟಿ, ಬಿಸ್ಕೂಟು ಎಂದು ಹೇಳಿ, "ಬಿಚ್ಚು" ಅಂದಾಗ ನನ್ನ ಪಿತ್ತ ನೆತ್ತಿಗೇರಿತು.

"ಎಂತ ತಪ್ಪುಂಟು ಪೊರ್ಬುಗಳೇ? ತೂಗುಗುಂಡು ಬಿಟ್ಟು ನೋಡಿ."

"ತೂಗುಗುಂಡಿಗೆ ಕಣ್ಣುಂಟಾ? ಇಟ್ಟಿಗೆಗೆ ನೀರು ಕುಡಿಸಿದ್ದೀಯಾ ನೀನು? ಬಾಯಾರಿದ ಇಟ್ಟಿಗೆ ಗಾರೆಯ ನೀರು ಹೀರ್ತದೆ, ಗಾರೆ ಸಾಯ್ತದೆ. ಬರ್ಕತ್ತಿಲ್ಲದವ. ಬಿಚ್ಚು."

ಬಿಚ್ಚಿದೆ. ಇಟ್ಟಿಗೆ ನೆನೆಹಾಕಿ ಮತ್ತೆ ಕಟ್ಟಿದೆ. ಅವರು ಬಂದು ಕುಟ್ಟಿದರು, 'ತ್ಚು' ಅಂದರು, ಆದರೆ ಬಿಚ್ಚು ಅನ್ನಲಿಲ್ಲ. ಅದೇ ಹೊಗಳಿಕೆ ಎಂದು ತಿಳಿದುಕೋ ಎಂದು ಜೊತೆಯವರು ಸಮಾಧಾನ ಮಾಡಿದರು. ನನಗೆ ಅಂಥ ಸಮಾಧಾನ ಬೇಕಿರಲಿಲ್ಲ. ಈ ಮನುಷ್ಯನ ಬಾಯಿಂದ ಒಂದೇ ಒಂದು ಸಲ 'ಅಡ್ಡಿಲ್ಲ ಹಮೀದ್' ಎಂದು ಕೇಳಬೇಕು ಎಂಬ ಹಠ ಅವತ್ತೇ ಹುಟ್ಟಿತು. ಅದು ಬರಿಯ ಆಸೆಯಲ್ಲ. ಗಾರೆ ಕೆಲಸದಲ್ಲಿ ಒಬ್ಬ ಮೇಸ್ತ್ರಿಯಾಗುವುದು ಇನ್ನೊಬ್ಬ ಮೇಸ್ತ್ರಿಯ ಬಾಯಿಂದ. ಅವರು ಹೇಳದಿದ್ದರೆ ಸಾಯುವವರೆಗೆ ಕರಣೆ ಹಿಡಿದ ಕೂಲಿ, ಅಷ್ಟೆ.

ಅವರ ಈ ಕೊಬ್ಬಿಗೆಲ್ಲ ಕಾರಣ ಒಂದು ಊರು. ಪ್ರಾಯದಲ್ಲಿ ಪೊರ್ಬುಗಳು ಹಡಗಿನ ಖಲಾಸಿಯಾಗಿದ್ದರಂತೆ. ಇಟಲಿಯ ದಂಡೆಯಲ್ಲಿ ಹಡಗಿನಿಂದ ಸರಕು ಇಳಿಸುವಾಗ ಕಾಲು ಮುರಿಯಿತು, ಹಡಗು ಅವರನ್ನು ಬಿಟ್ಟು ಹೋಯಿತು. ಅಲ್ಲಿಯ ಇಗರ್ಜಿಯ ಪಾದ್ರಿಗಳು ಇರಲು ಒಂದು ಕೋಣೆ ಕೊಟ್ಟರು. ಕಾಲು ಕೂಡಿದ ಮೇಲೆ, ಹಳೆಯ ಗೋಪುರಗಳನ್ನು ರಿಪೇರಿ ಮಾಡುವ ಒಬ್ಬ ಮುದುಕನ ಕೈಕೆಳಗೆ ಸೇರಿ ಇವರು ಗಾರೆ ಕೆಲಸ ಕಲಿತರು. ಆ ಊರಿನ ಹೆಸರನ್ನು ಅವರು ಪ್ರತಿ ಸಲವೂ ಬೇರೆ ಬೇರೆ ರೀತಿ ಉಚ್ಚರಿಸುತ್ತಿದ್ದ ಕಾರಣ ನಾವು ಅದಕ್ಕೆ 'ಪೊರ್ಬುಗಳ ಊರು' ಎಂದೇ ಹೆಸರಿಟ್ಟೆವು.

ಪೊರ್ಬುಗಳ ಊರಿನ ಮಹಿಮೆ ಕೇಳದೆ ನಮ್ಮ ಕ್ಯಾಂಪಿನಲ್ಲಿ ಒಂದು ತುತ್ತು ಅನ್ನವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಲ್ಲಿಯ ಗೋಪುರಗಳು ಬುಡದಲ್ಲಿ ಕಲ್ಲು, ಮೇಲೆ ಕೆಂಪು ಇಟ್ಟಿಗೆ. ನೂರಾರು ವರ್ಷಗಳಿಂದ ನಿಂತಿವೆ. ಅಲ್ಲಿಯ ಇಗರ್ಜಿ ಎಷ್ಟು ಹಳತೆಂದರೆ ಊರಿನ ನೆಲವೇ ಮೇಲೆ ಬಂದು, ಈಗ ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಅದರ ಪಕ್ಕ ಮಕ್ಕಳಿಗೆ ಜ್ಞಾನಸ್ನಾನ ಕೊಡುವ ಇನ್ನೂ ಹಳೆಯ ಒಂದು ಮನೆ. ಹೊರಗಿನಿಂದ ಎಣಿಸಿದರೆ ಹತ್ತು ಮೂಲೆ, ಒಳಗೆ ಹೋಗಿ ಎಣಿಸಿದರೆ ಎಂಟು.

ಇದನ್ನು ಕೇಳಿದ ದಿನ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಉಳಿದ ಎರಡು ಮೂಲೆ ಯಾರು ತಿಂದದ್ದು ಪೊರ್ಬುಗಳೇ, ಪಾದ್ರಿಗಳಾ?" ಎಂದು ನಾನೇ ಕೇಳಿದೆ. ಆ ಮೇಲೆ ಯಾರಾದರೂ ಸುಳ್ಳು ಹೇಳಿದರೆ 'ಹತ್ತು ಮೂಲೆ' ಎನ್ನುವುದು ನಮ್ಮಲ್ಲಿ ರೂಢಿಯಾಯಿತು.

ಪೊರ್ಬುಗಳು ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: "ಹೊರಗಿಂದ ಎಣಿಸುವವನಿಗೆ ಒಳಗಿನ ಲೆಕ್ಕ ಸಿಗುದಿಲ್ಲ ಗಿಡ್ಡ. ನಿನ್ನ ಮಂಡೆಗೆ ಹೊರಗೂ ಮೂಲೆ ಇಲ್ಲ, ಒಳಗೂ ಇಲ್ಲ. ಬರೀ ತೆಂಗಿನಕಾಯಿ."

ಒಂದು ಸಲ ಮಾತ್ರ ಅವರ ಈ ಕೊಬ್ಬು ಇಳಿದದ್ದನ್ನು ಕಂಡಿದ್ದೇನೆ. ಖತೀಫಿನ ಹಳೆಯ ಕೇರಿಯ ಮನೆಗಳನ್ನು ಆ ಕಾಲದಲ್ಲಿ ಒಂದೊಂದಾಗಿ ಕೆಡವುತ್ತಿದ್ದರು. ಸಮುದ್ರದಿಂದ ತೆಗೆದ ಹವಳದ ಕಲ್ಲು, ಮಣ್ಣು, ಖರ್ಜೂರದ ಮರದ ತೊಲೆ. ಅಷ್ಟರಲ್ಲೇ ಎದ್ದ ದಪ್ಪ ದಪ್ಪ ಗೋಡೆಗಳು. ಒಂದು ಶುಕ್ರವಾರ ಮೀನು ಮಾರ್ಕೆಟಿನಿಂದ ಬರುವಾಗ ಅರ್ಧ ಕೆಡವಿದ ಮನೆಯೊಂದು ಕಂಡಿತು. ಬುಲ್ಡೋಜರ್ ರಜೆಯ ಮೇಲೆ ಪಕ್ಕದಲ್ಲೇ ಮಲಗಿತ್ತು. ಪೊರ್ಬುಗಳು ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಗೋಡೆಗೆ ಎರಡು ಸಲ ಕುಟ್ಟಿದರು. ನಾನು 'ತ್ಚು' ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಂಗೈಯನ್ನು ಗೋಡೆಯ ಮೇಲೆ ಇಟ್ಟು ನೋಡಿ, ತಿರುಗಿ ಬಂದರು.

"ಹೇಗುಂಟು?" ಎಂದು ಕೇಳಿದೆ.

"ಮೀನು ಹಾಳಾಗ್ತದೆ, ನಡಿ."

ಇಂಥ ಮನುಷ್ಯನಿಗೆ ಅಬು ಸಾಲೆಹ್ ಒಂದು ದಿನ ತಾವೇ ಹುಚ್ಚು ಹಿಡಿಸಿದರು. ಹೆಂಡತಿ ಮಕ್ಕಳ ಜೊತೆ ಇಟಲಿಗೆ ತಿರುಗಾಟ ಹೋಗಿದ್ದವರು ಅಲ್ಲಿಂದ ಒಂದು ಚಿತ್ರದ ಕಾರ್ಡು ತಂದರು. ತಮ್ಮ ಖರ್ಜೂರದ ತೋಟದ ಮನೆಗೆ ತಾಗಿ ಅಂಥದೇ ಒಂದು ಗೋಪುರ ಬೇಕು, ಅದರ ತುದಿಯಲ್ಲಿ ಕೂತು ಸಮುದ್ರ ನೋಡುತ್ತಾ ಚಾ ಕುಡಿಯಬೇಕು. ಕಾರ್ಡನ್ನು ನೋಡಿದ ಪೊರ್ಬುಗಳ ಮುಖ ಹೇಗಾಯಿತು ಎನ್ನುತ್ತೀರಿ! ಅದು ಅವರದೇ ಊರು. ಇಗರ್ಜಿ, ಅದರ ಸುತ್ತ ಮೂರು ಗೋಪುರ. ನಮಗೆ ನಿಜಕ್ಕೂ ಬೇಸರವಾಯಿತು. ಇಷ್ಟು ದಿನ ಸುಳ್ಳೆಂದು ನಕ್ಕದ್ದೆಲ್ಲ ಬಣ್ಣದ ಕಾರ್ಡಿನಲ್ಲಿ ಬಂದು ನಿಂತರೆ ಯಾರಿಗೆ ಬೇಸರವಾಗುವುದಿಲ್ಲ?

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಇವರು ಕಫೀಲರಿಗೇ ಪಾಠ ಹೇಳಿದರು. "ಇದು ಸಾಹುಕಾರರ ಗೋಪುರ. ಆ ಕಾಲದಲ್ಲಿ ಪಕ್ಕದ ಮನೆಯವ ಒಂದು ಕಟ್ಟಿದ ಅಂತ ಇವ ಅದಕ್ಕಿಂತ ಎತ್ತರದ್ದು ಕಟ್ಟಿದ, ಅವನದ್ದು ನೋಡಿ ಇನ್ನೊಬ್ಬ. ಹೊಟ್ಟೆಕಿಚ್ಚಿಗೆ ಕಟ್ಟಿದ್ದು, ಬದುಕಲಿಕ್ಕೆ ಅಲ್ಲ. ಇಗರ್ಜಿಯ ಗೋಪುರಕ್ಕಾದರೆ ಗಂಟೆ ಹೊಡೆಯುವ ಕೆಲಸ ಉಂಟು. ಇದಕ್ಕೆಂತ ಉಂಟು, ಮಣ್ಣಂಗಟ್ಟಿ?" ಅರಬಿ ಹಿಂದಿ ಎಲ್ಲ ಕಲಸಿ ಅವರು ಹೇಳಿದ್ದರಲ್ಲಿ ಅಬು ಸಾಲೆಹರಿಗೆ ಎಷ್ಟು ತಿಳಿಯಿತೋ, ಜೋರಾಗಿ ನಕ್ಕು "ಯಲ್ಲಾ, ಕಟ್ಟು" ಅಂದರು.

ಕಟ್ಟುವ ರೀತಿಯೂ ಆ ಊರಿನದೇ ಆಗಬೇಕು ಎಂದು ಪೊರ್ಬುಗಳು ಪಟ್ಟು ಹಿಡಿದರು. ಸಿಮೆಂಟ್ ಬೇಡ, ಸುಣ್ಣದ ಗಾರೆ. ಕಬ್ಬಿಣದ ಪೈಪುಗಳ ಸಾರುವೆ ಬೇಡ, ಮರದ ಕೋಲು. ಗೋಡೆ ಏರುತ್ತಾ ಹೋದಂತೆ ಅದರಲ್ಲೇ ಸಾಲಾಗಿ ತೂತು ಬಿಡಬೇಕು, ತೂತಿಗೆ ಕೋಲು ಸಿಕ್ಕಿಸಬೇಕು, ಕೋಲಿನ ಮೇಲೆ ಹಲಗೆ ಹಾಸಬೇಕು, ಹಲಗೆಯ ಮೇಲೆ ನಿಂತು ಮುಂದಿನ ಗೋಡೆ ಕಟ್ಟಬೇಕು. ಕೈಗೆ ಎಟಕುವಷ್ಟು ಕಟ್ಟಿದ ಮೇಲೆ ಮತ್ತೊಂದು ಸಾಲು ತೂತು. ಕೆಲಸ ಮುಗಿದ ಮೇಲೆ ಕೋಲು ತೆಗೆದರೂ ತೂತುಗಳನ್ನು ಮಾತ್ರ ಮುಚ್ಚಬಾರದು.

"ಇಷ್ಟು ಚಂದದ ಗೋಪುರಕ್ಕೆ ಸಿಡುಬಿನ ಕಲೆ ಇದ್ದ ಹಾಗೆ ತೂತು ಎಂತಕ್ಕೆ?" ಎಂದು ಕೇಳಿದೆ.

"ಗೋಪುರ ಯಾವಾಗಲಾದರೂ ಬಿರುಕು ಬಿಡ್ತದೆ. ಆಗ ರಿಪೇರಿಗೆ ಬರುವವನಿಗೆ ಕೋಲು ಸಿಕ್ಕಿಸಲಿಕ್ಕೆ ಬೇಡವಾ? ಅಲ್ಲಿ ನಮಗೆ ಬಿಟ್ಟದ್ದು ಯಾವ ಕಾಲದವರೋ. ನನ್ನ ಮುದುಕ ಅದೇ ತೂತಿಗೆ ಕೋಲು ಹಾಕ್ತಿದ್ದ. ನಿನಗೆ ಹೇಳಿ ಎಂತ ಪ್ರಯೋಜನ, ಹೋಗು, ಸುಣ್ಣ ಕಲಸು."

ಅದೇ ನನ್ನ ಹೊಟ್ಟೆ ಉರಿಸಿದ್ದು. ಹೊಸದಾಗಿ ಬಂದ ಹುಡುಗಾಟದವರೆಲ್ಲ ಗೋಪುರ ಹತ್ತಿದರು. ಪೇಶಾವರದ ಕಡೆಯ ಖಾನ್, ತಾಳೆಮರದಂಥ ಆಳು, ಕರಣೆ ನೆಟ್ಟಗೆ ಹಿಡಿಯಲೂ ಬಾರದವ, ಅವನೂ ಹತ್ತಿದ. ನನ್ನನ್ನು ಮಾತ್ರ ಕೆಳಗೆ ಸುಣ್ಣದ ಗುಂಡಿಯ ಪಕ್ಕ, ಇಟ್ಟಿಗೆ ನೆನೆಹಾಕುವ ತೊಟ್ಟಿಯ ಪಕ್ಕ ನಿಲ್ಲಿಸಿದರು. ಸುಣ್ಣ ಸುಟ್ಟು ನನ್ನ ಬೆರಳುಗಳ ಚರ್ಮ ಸುಲಿದುಹೋಗಿತ್ತು. ಎಷ್ಟೋ ಸಲ ಕೇಳಿದೆ. "ನಿನ್ನ ಸರದಿ ಬರ್ತದೆ, ಅವಸರ ಎಂತದು?" ಎನ್ನುತ್ತಿದ್ದರು. ಗೋಪುರ ಮುಗಿಯುತ್ತಾ ಬಂದರೂ ನನ್ನ ಸರದಿ ಬರಲಿಲ್ಲ.

ಒಂದೇ ಒಂದು ಕೆಲಸಕ್ಕೆ ನನ್ನನ್ನು ಗೋಡೆಯ ಹತ್ತಿರ ಕರೆದಿದ್ದರು, ಅದೂ ಮೊದಲ ದಿನಗಳಲ್ಲಿ. ಬುಡದ ಕಲ್ಲಿನ ಕೆಲಸ ಮುಗಿದಿತ್ತು. "ಗಿಡ್ಡ, ಇಲ್ಲಿ ಬಾ. ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ಕೈ ಮೇಲೆತ್ತು. ಈಗ ಇಳಿಸು. ಇಟ್ಟಿಗೆ ಇಡುವ ಹಾಗೆ ಮಾಡು." ನನ್ನ ಕೈ ಎಟಕಿದಲ್ಲಿಗೆ ಇಟ್ಟಿಗೆಯ ಚೂರಿನಿಂದ ಗೋಡೆಯ ಮೇಲೆ ಗೆರೆ ಹಾಕಿದರು, ಆ ಗೆರೆಗೆ ಸರಿಯಾಗಿ ಒಂದು ಮರದ ಪಟ್ಟಿ ಕತ್ತರಿಸಿಕೊಂಡರು.

"ಎಂತ ಪೊರ್ಬುಗಳೇ ಇದು?"

"ಅಳತೆ ಕೋಲು ಕಳೆದುಹೋಗಿದೆ. ಕಂಪನಿಯಲ್ಲಿ ಇದ್ದದ್ದರಲ್ಲಿ ನೀನೇ ಸಣ್ಣ ಕೋಲು."

ಖಾನ್ ಹೊಟ್ಟೆ ಹಿಡಿದು ನಕ್ಕ. ಎಲ್ಲರೂ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಕ್ಕವರಿಗೂ ಶಾಸ್ತಿಯಾಯಿತು. ಆ ಪಟ್ಟಿ ಹಿಡಿದು ಬಿಟ್ಟ ತೂತಿನ ಸಾಲುಗಳು ಎಷ್ಟು ಹತ್ತಿರ ಹತ್ತಿರವಾದವೆಂದರೆ ಮೇಲೆ ನಿಂತವರೆಲ್ಲ ದಿನವಿಡೀ ಬಗ್ಗಿಯೇ ಕೆಲಸ ಮಾಡಬೇಕಾಯಿತು. ಮೇಲಿನಿಂದ ಖಾನ್ ಗೊಣಗುತ್ತಿದ್ದ, ಕೆಳಗಿನಿಂದ ಪೊರ್ಬುಗಳು ಕೂಗುತ್ತಿದ್ದರು: "ಬಗ್ಗಲಿ! ಸೊಂಟ ಇರುವುದು ಎಂತಕ್ಕೆ?"

ಗೋಪುರ ನಿಂತಿತು. ತೂತುಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ತೂತು ಮುಚ್ಚಿಸಬೇಕೆಂದು ಅಬು ಸಾಲೆಹ್ ಹೊರಟಾಗ ಅವರ ತಾಯಿ, ಆ ಪ್ರಾಣಿಗಳ ಮನೆ ಕಿತ್ತರೆ ನಿನ್ನ ಮನೆಯಲ್ಲಿ ನಾನು ನೀರು ಮುಟ್ಟುವುದಿಲ್ಲ ಎಂದರಂತೆ. ಪೊರ್ಬುಗಳು ಕೊನೆಯ ದಿನ ಬುಡಕ್ಕೆ ಬಂದು ಎರಡು ಸಲ ಕುಟ್ಟಿ, ತಮ್ಮ ಗೋಪುರಕ್ಕೂ 'ತ್ಚು' ಎಂದರು. ಇಷ್ಟಾದರೂ ನ್ಯಾಯ ಉಂಟಲ್ಲ ಈ ಮನುಷ್ಯನಲ್ಲಿ ಅಂದುಕೊಂಡೆ.

ಅದಾದ ಸ್ವಲ್ಪ ಕಾಲಕ್ಕೆ ಅವರ ಆ ಮುರಿದ ಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತಲಾಗದ ಮೇಸ್ತ್ರಿ ಯಾರಿಗೆ ಬೇಕು? ಎಕ್ಸಿಟ್ ವೀಸಾ ಮಾಡಿಸಿ ಊರಿಗೆ ಹೊರಟರು. ಹೊರಡುವ ದಿನ ಅಬು ಸಾಲೆಹ್ ನಮ್ಮೆಲ್ಲರ ಎದುರಿಗೇ ಕೇಳಿದರು, ಜೋಕಿಂ, ಇನ್ನು ನಿನ್ನ ಜಾಗಕ್ಕೆ ಇವರಲ್ಲಿ ಯಾರು?

ನಾನು ಯಾರಿಗೂ ತಿಳಿಯದ ಹಾಗೆ ಅರ್ಧ ಹೆಜ್ಜೆ ಮುಂದೆ ಬಂದು ನಿಂತೆ. ಅಷ್ಟು ವರ್ಷ ಸುಣ್ಣ ಕಲಸಿದ್ದೆ, ಬಿಚ್ಚೆಂದರೆ ಬಿಚ್ಚಿದ್ದೆ, ಗಿಡ್ಡ ಎಂದರೆ ಓಗೊಟ್ಟಿದ್ದೆ. ಪೊರ್ಬುಗಳು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಕಣ್ಣು ನನ್ನ ಮೇಲೆ ನಿಂತಿತು ಎಂದು ನನಗನ್ನಿಸಿತು.

"ಇವರಲ್ಲಾ? ಈಗ ಯಾರೂ ಇಲ್ಲ."

ಅಷ್ಟು ಹೇಳಿ ಪಿಕಪ್ ಹತ್ತಿದರು. ಪೆಟ್ಟಿಗೆ ಎತ್ತಿಕೊಟ್ಟವನೂ ನಾನೇ. ಸಿಟ್ಟಿದ್ದರೂ, "ಊರಿಗೆ ಬಂದಾಗ ಮನೆಗೆ ಬರ್ತೇನೆ ಪೊರ್ಬುಗಳೇ" ಎಂದು ಲೋಕಾಚಾರಕ್ಕೆ ಹೇಳಿದೆ.

"ಬಾ. ಬರುವಾಗ ಮಂಡೆಯನ್ನೂ ತಾ" ಎಂದರು.

ಅವರ ಜಾಗಕ್ಕೆ ದಮ್ಮಾಮಿನಿಂದ ಒಬ್ಬ ಫೋರ್‌ಮನ್ ಬಂದ. ಇಸ್ತ್ರಿ ಹಾಕಿದ ಅಂಗಿ, ಕಿಸೆಯಲ್ಲಿ ಪೆನ್ನು, ಗೋಡೆಯನ್ನು ಕೈಯಿಂದ ಮುಟ್ಟದವ. ನಾನು ಕೂಲಿಯಾಗಿಯೇ ಉಳಿದೆ. ರಜೆಯಲ್ಲಿ ಊರಿಗೆ ಹೋದಾಗ ಪೊರ್ಬುಗಳ ಮನೆಯ ದಾರಿ ಬಿಟ್ಟು ಸುತ್ತು ಹಾದಿ ಹಿಡಿದೆ. ನೋಡುವುದೆಂತಕ್ಕೆ? ನನ್ನ ಮನೆಯ ಗೋಡೆಗೂ 'ತ್ಚು' ಅನ್ನಿಸಿಕೊಳ್ಳಲಿಕ್ಕಾ?

ಮುಂದಿನ ವರ್ಷ, ಊರಿನಿಂದ ಮರಳಿ ಬಂದ ಒಬ್ಬ ಕ್ಯಾಂಪಿನಲ್ಲಿ ಊಟ ಬಡಿಸಿಕೊಳ್ಳುತ್ತಾ, "ನಮ್ಮ ಜೋಕಿಂ ಪೊರ್ಬುಗಳು ಹೋದರಲ್ಲ, ಗೊತ್ತಾಗಲಿಲ್ವಾ ನಿಮಗೆ?" ಎಂದ. ಯಾರೋ ಅಯ್ಯೋ ಪಾಪ ಎಂದರು. "ಪಾಪ ಎಂತದು? ಈಗ ಸ್ವರ್ಗದ ಗೋಡೆ ಕುಟ್ಟಿ ಬಿಸ್ಕೂಟು ಅಂತಿರಬಹುದು" ಎಂದೆ ನಾನು. ಎಲ್ಲರೂ ನಕ್ಕರು. ನನ್ನ ತಟ್ಟೆಯ ಅನ್ನ ಹಾಗೇ ಉಳಿಯಿತು, ಅದನ್ನು ಯಾರೂ ನೋಡಲಿಲ್ಲ.

ಆ ಚಳಿಗಾಲದಲ್ಲೇ ಗೋಪುರ ಬಿರುಕು ಬಿಟ್ಟಿತು. ತುದಿಯಿಂದ ಸ್ವಲ್ಪ ಕೆಳಗೆ ಇಟ್ಟಿಗೆಯ ಸಂದುಗಳು ಬಾಯಿ ತೆರೆದು ಗಾರೆ ಉದುರತೊಡಗಿತು. ಅಷ್ಟರಲ್ಲಿ ಅಬು ಸಾಲೆಹ್ ಗೋಪುರದ ಬುಡದ ಸುತ್ತ ಈಜುವ ಕೊಳ, ಗಾಜಿನ ಚಾವಣಿಯ ಕೋಣೆ ಎಲ್ಲ ಮಾಡಿಸಿದ್ದರು. ಪೈಪಿನ ಸಾರುವೆ ನಿಲ್ಲಿಸಲು ನೆಲವೇ ಉಳಿದಿರಲಿಲ್ಲ. ಫೋರ್‌ಮನ್ ಪೆನ್ನು ತೆಗೆದು, ಕೊಳ ಒಡೆಯಬೇಕು, ಇಲ್ಲವೇ ಗೋಪುರ ಕೆಡವಬೇಕು ಎಂದ. ಕೆಡವುವುದೇ ಸುಲಭ ಎಂಬ ತೀರ್ಮಾನಕ್ಕೆ ಇಬ್ಬರೂ ಬಂದಂತೆ ಕಂಡಿತು.

"ತೂತುಗಳಿವೆಯಲ್ಲ" ಎಂದೆ ನಾನು. ಬಾಯಿಂದ ತಾನಾಗಿ ಬಂತು.

ಗೋಪುರದ ಒಳಗಿನ ಮೆಟ್ಟಿಲು ಹತ್ತಿ ಗಾಜಿನ ಚಾವಣಿಗಿಂತ ಮೇಲಿನ ಕಿಟಕಿಯಿಂದ ಹೊರಗೆ ಬಗ್ಗಿ, ಮೊದಲ ಸಾಲಿಗೆ ಕೋಲು ಸಿಕ್ಕಿಸಿದೆ. ಪಾರಿವಾಳಗಳು ಶಾಪ ಹಾಕುತ್ತಾ ಹಾರಿದವು. ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿ ಹೊರಗೆ ಇಳಿದು ನಿಂತೆ. ಹಿಂದೆ ಖಾನ್. ನಾನು ಆ ಗೋಪುರದ ಮೈ ಹತ್ತಿದ್ದು ಅದೇ ಮೊದಲು.

ಕೈ ಎತ್ತಿದೆ. ಮುಂದಿನ ಸಾಲಿನ ತೂತು ಸರಿಯಾಗಿ ಅಂಗೈಗೆ ಬಂತು. ತುದಿಗಾಲಲ್ಲಿ ನಿಲ್ಲಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಯಾವ ಸಾರುವೆ ಹತ್ತಿದರೂ ನಾನು ತುದಿಗಾಲಲ್ಲೇ ನಿಂತವ, ಇಟ್ಟಿಗೆ ಪೇರಿಸಿ ಅದರ ಮೇಲೆ ಹತ್ತಿದವ. ಏನೋ ಒಂದು ಸಾಲು ಹಾಗೆ ಬಂದಿರಬೇಕು ಅಂದುಕೊಂಡು ಮೇಲೆ ಹೋದೆ. ಅದೂ ಹಾಗೇ. ಅದರ ಮೇಲಿನದೂ ಹಾಗೇ. ಕೈ ಎತ್ತಿದಲ್ಲಿ ತೂತು, ಕೈ ಇಳಿಸಿದಲ್ಲಿ ಕೆಲಸ. ಪಕ್ಕದಲ್ಲಿ ಖಾನ್ ಗೂನು ಬಂದವನ ಹಾಗೆ ಬಗ್ಗಿ ನಿಂತು ಗೊಣಗುತ್ತಿದ್ದ. ಬಿರುಕಿನ ಎದುರಿಗೆ ಬಂದು ನಿಂತಾಗ ಅದು ನನ್ನ ಎದೆಗೆ ನೇರವಾಗಿತ್ತು.

ಆಗ ಆ ಮರದ ಪಟ್ಟಿ ನೆನಪಾಯಿತು. ಗೋಡೆಗೆ ಬೆನ್ನು ಕೊಟ್ಟು ನಿಲ್ಲು, ಕೈ ಎತ್ತು, ಇಟ್ಟಿಗೆ ಇಡುವ ಹಾಗೆ ಮಾಡು. ರಿಪೇರಿಗೆ ಬರುವವನಿಗೆ ಬೇಡವಾ? ನಿನ್ನ ಸರದಿ ಬರ್ತದೆ. ಈಗ ಯಾರೂ ಇಲ್ಲ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಾಯಲ್ಲಿ ಹೇಳಲಿಕ್ಕೆ ಎಂತ ರೋಗ ಬಂದಿತ್ತು ಆ ಮನುಷ್ಯನಿಗೆ? ಒಂದು ಮಾತು! ಎಲ್ಲರ ಎದುರಿಗೆ ನನ್ನನ್ನು ಕೋಲು ಮಾಡಿ ನಗಿಸಿದರು, ಕಫೀಲರ ಎದುರಿಗೆ ನನ್ನ ಹೊಟ್ಟೆಗೆ ಹೊಡೆದರು, ಆಮೇಲೆ ಗೋಪುರದ ಮೈತುಂಬ ನನ್ನ ಅಳತೆ ಕೊರೆದು, ಅದನ್ನು ಪಾರಿವಾಳಗಳಿಗೆ ಕಾಯಲು ಕೊಟ್ಟು, ಹೋಗಿ ಮಲಗಿಬಿಟ್ಟರು. ಹಗ್ಗಕ್ಕೆ ಜೋತು, ಸಮುದ್ರದ ಕಡೆ ಮುಖ ಮಾಡಿ, ನನಗೆ ಬರುವ ಎಲ್ಲ ಭಾಷೆಗಳಲ್ಲಿ ಅವರನ್ನು ಬೈದೆ. ಹಾಳು ಪೊರ್ಬು, ಕೊಬ್ಬಿನ ಮೂಟೆ, ಹತ್ತು ಮೂಲೆ ಎಂದು ಕೂಗಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದಕ್ಕೆ ಸುಣ್ಣ ಕಾರಣ ಎಂದು ಹೇಳೋಣವೆಂದರೆ ಇನ್ನೂ ಸುಣ್ಣ ಕಲಸಿರಲಿಲ್ಲ.

"ಕಿಸ್ ಕೋ ಗಾಲಿ ದೇತಾ ಹೈ ಭಾಯ್?" ಯಾರನ್ನು ಬೈಯುವುದೆಂದು ಖಾನ್ ಹೆದರಿ ಕೇಳಿದ.

"ಮೇರೇ ಮಿಸ್ತ್ರಿ ಕೋ" ಎಂದೆ.

ಸಂದುಗಳನ್ನು ಕೆರೆದು, ನೀರು ಕುಡಿಸಿ, ಸುಣ್ಣದ ಗಾರೆ ತುಂಬಿದೆ. ಕೆಲಸ ಮುಗಿಸಿ, ಮೇಲಿನಿಂದ ಒಂದೊಂದೇ ಸಾಲಿನ ಕೋಲು ಕಿತ್ತುಕೊಂಡು ಕಿಟಕಿಗೆ ಇಳಿದು ಬಂದಾಗ ಒಳಗೆ ಫೋರ್‌ಮನ್ ಸಿಮೆಂಟಿನ ಬಕೆಟ್ ತರಿಸಿ ಇಟ್ಟಿದ್ದ. ಹೇಗೂ ಕೆಲಸ ಮುಗಿಯಿತಲ್ಲ, ಈ ದರಿದ್ರ ತೂತುಗಳನ್ನು ಮುಚ್ಚಿಬಿಡು ಎಂದ.

"ಮುಚ್ಚುವುದಿಲ್ಲ. ಮುಂದೆ ರಿಪೇರಿಗೆ ಬರುವವನಿಗೆ ಬೇಕು."

"ಇಷ್ಟು ಹತ್ತಿರ ಹತ್ತಿರವಾ? ಇದು ಯಾರೋ ಗಿಡ್ಡನಿಗೆ ಮಾಡಿದ ಹಾಗುಂಟು. ನಾಳೆ ಉದ್ದದವನು ಬಂದರೆ?"

ನಾನು ಗೋಡೆಗೆ ಎರಡು ಸಲ ಕುಟ್ಟಿ ಕಿವಿಗೊಟ್ಟೆ. 'ತ್ಚು' ಅನ್ನಲು ಬಾಯಿ ಬರಲಿಲ್ಲ.

"ಬಗ್ಗಲಿ" ಎಂದೆ. "ಸೊಂಟ ಇರುವುದು ಎಂತಕ್ಕೆ?"